ಇಲ್ಲದ ರೋಬಾಟು, ಇಲ್ಲದ ಟೇಪು: ಹಳೇ ಟೇಪ್ ಲೈಬ್ರರಿಯ ಎಮ್ಯುಲೇಷನ್ ಚಳ್ಳಕೆರೆ-ಮೊಳಕಾಲ್ಮುರಿನವರಿಗೆ ಯಾಕೆ ಗೊತ್ತಿರಬೇಕು

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರೂ ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಪತ್ತೆ ಮಾಡಿದರು. ಸುಮಾರು 2,200 ವರ್ಷ ಮಳೆ-ಬಿಸಿಲಿಗೆ ಮೈಯೊಡ್ಡಿಯೂ ಬಂಡೆ ಮೇಲಿನ ಅಕ್ಷರ ಬಹುಪಾಲು ಉಳಿದಿತ್ತು. ಆದರೆ ರೈಸ್ ಅದೇ ಬಂಡೆ ಮುಂದೆ ಅರವತ್ತು ವರ್ಷ ಮುಂಚೆ ಬಂದು ನಿಂತಿದ್ದರೆ ಏನೂ ಪ್ರಯೋಜನ ಆಗ್ತಿರಲಿಲ್ಲ. ಬ್ರಾಹ್ಮಿ ಲಿಪಿಯನ್ನು ಓದೋದು ಹೇಗೆ ಅನ್ನೋದೇ ಮರೆತುಹೋಗಿತ್ತು. ಜೇಮ್ಸ್ ಪ್ರಿನ್ಸೆಪ್ ಅದರ ಗಂಟು ಬಿಡಿಸಿದ್ದು 1837ರ ಹೊತ್ತಿಗೆ. ಇನ್ನೊಂದು ತಮಾಷೆ ಇದೆ. ಶಾಸನ ಬರೆದ ಚಪಡ ಎಂಬ ಲಿಪಿಕಾರ ಇಡೀ ಪಠ್ಯವನ್ನು ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ತನ್ನ ಕಸುಬಿನ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ ಕೊರೆದ. ಒಂದೇ ಫೈಲಿನಲ್ಲಿ ಎರಡು ಫಾರ್ಮ್ಯಾಟ್!

ದಾಖಲೆ ಉಳಿಯೋದು ಬೇರೆ, ಅದನ್ನು ಓದುವ ಸಾಧನ ಉಳಿಯೋದು ಬೇರೆ. ಈ ಲೇಖನದ ವಿಷಯ ಈ ಎರಡನೆಯದು. ಬೆಂಗಳೂರಿನ ಡೇಟಾ ಸೆಂಟರ್‌ಗಳಲ್ಲಿ ಕೆಲವು ವರ್ಷ ಬ್ಯಾಕಪ್ ಕೆಲಸ ಮಾಡಿದವನಾಗಿ ಹೇಳ್ತೀನಿ: ಟೇಪ್ ಹಾಳಾಗಿ ಮಾಹಿತಿ ಹೋದದ್ದನ್ನು ನಾನು ನೋಡಿದ್ದು ಕಮ್ಮಿ. ಟೇಪ್ ಚೆನ್ನಾಗೇ ಇದ್ದು, ಅದನ್ನು ಓದುವ ಯಂತ್ರವೋ ತಂತ್ರಾಂಶವೋ ಇಲ್ಲದೆ ಕೈಚೆಲ್ಲಿದ್ದೇ ಹೆಚ್ಚು.

ಮೊದಲು, ಟೇಪ್ ಲೈಬ್ರರಿ ಅಂದರೇನು? ಫ್ರಿಜ್ ಗಾತ್ರದ, ಕೆಲವೊಮ್ಮೆ ಒಂದು ಕೋಣೆಯಷ್ಟೇ ದೊಡ್ಡ ಕಪಾಟು ಅಂದುಕೊಳ್ಳಿ. ಒಳಗೆ ಗೋಡೆ ತುಂಬಾ ಗೂಡುಗಳು, ಪ್ರತಿ ಗೂಡಿನಲ್ಲಿ ಬಾರ್‌ಕೋಡ್ ಅಂಟಿಸಿದ ಒಂದೊಂದು ಟೇಪ್ ಕಾರ್ಟ್ರಿಡ್ಜ್. ಟೇಪ್ ಓದಿ-ಬರೆಯುವ ಡ್ರೈವ್‌ಗಳು ಒಂದೆರಡರಿಂದ ಹಿಡಿದು ಹತ್ತಾರು. ನಡುವೆ ಓಡಾಡುವ ಒಂದು ರೋಬಾಟ್ ಕೈ. ಹೊರಗಿನಿಂದ ಟೇಪ್ ಹಾಕಲು, ತೆಗೆಯಲು ಒಂದು ಕಿಂಡಿ. ಬ್ಯಾಕಪ್ ತಂತ್ರಾಂಶ 'ಆ ಗೂಡಿನ ಟೇಪನ್ನು ಈ ಡ್ರೈವಿಗೆ ಹಾಕು' ಅಂದರೆ ರೋಬಾಟ್ ಹಾಕುತ್ತದೆ. ಅಷ್ಟೇ ಅದರ ಬದುಕು. 1987ರಲ್ಲಿ ಸ್ಟೋರೇಜ್‌ಟೆಕ್ ಕಂಪನಿ ತಂದ ಗುಡಾಣದಂಥ ಲೈಬ್ರರಿಯಲ್ಲಿ ಸುಮಾರು 6,000 ಕಾರ್ಟ್ರಿಡ್ಜ್ ಹಿಡಿಯುತ್ತಿದ್ದವು. ಒಂದೊಂದರಲ್ಲಿ 200 ಎಂಬಿ ಅಂದರೂ ಒಟ್ಟು 1.2 ಟಿಬಿ. ಇವತ್ತು ಅಷ್ಟು ಮಾಹಿತಿ ಅಂಗಿ ಜೇಬಿನಲ್ಲಿ ಕೂರುತ್ತೆ.

ಹಾಗಂತ ಟೇಪಿನ ಕಾಲ ಮುಗಿದಿಲ್ಲ. 2021ರಲ್ಲಿ ಬಂದ ಎಲ್‌ಟಿಓ-9 ಕಾರ್ಟ್ರಿಡ್ಜ್ ಒಂದರಲ್ಲೇ 18 ಟಿಬಿ ಹಿಡಿಸುತ್ತದೆ. ಗೂಡಿನಲ್ಲಿ ಸುಮ್ಮನೆ ಕೂತ ಟೇಪು ಕರೆಂಟ್ ತಿನ್ನಲ್ಲ, ರ‍್ಯಾನ್ಸಮ್‌ವೇರ್‌ನವರ ಕೈಗೂ ಸುಲಭಕ್ಕೆ ಸಿಗಲ್ಲ. ಸಮಸ್ಯೆ ಇರೋದು ಹಳೇ ಲೈಬ್ರರಿಯಲ್ಲಿ. ಸ್ಟೋರೇಜ್‌ಟೆಕ್ ಅನ್ನು 2005ರಲ್ಲಿ ಸನ್ ಕೊಂಡಿತು, ಸನ್ ಅನ್ನು 2010ರಲ್ಲಿ ಒರಾಕಲ್ ಕೊಂಡಿತು. ಎಡಿಐಸಿ ಎಂಬ ಇನ್ನೊಂದು ಲೈಬ್ರರಿ ಕಂಪನಿ 2006ರಲ್ಲಿ ಕ್ವಾಂಟಮ್ ಪಾಲಾಯಿತು. ರೋಬಾಟಿನ ಬೆಲ್ಟ್ ಹರಿದರೆ ಬದಲಿ ಭಾಗ ಹುಡುಕೋದೇ ಒಂದು ಕೆಲಸ. ಆದರೆ ಬ್ಯಾಕಪ್ ತಂತ್ರಾಂಶದ ಕ್ಯಾಟಲಾಗ್ ಮಾತ್ರ ಇನ್ನೂ ಹಳೇ ಭಾಷೆಯಲ್ಲೇ ಮಾತಾಡುತ್ತಿರುತ್ತದೆ: 'ನಿಮಗೆ ಬೇಕಾದ ಫೈಲು ಇಂಥ ಬಾರ್‌ಕೋಡಿನ ಟೇಪಿನಲ್ಲಿ, 37ನೇ ತುಂಡಿನಲ್ಲಿದೆ' ಅಂತ. ಆ ತಂತ್ರಾಂಶವನ್ನು ಬದಲಿಸಿದರೆ ಕ್ಯಾಟಲಾಗ್ ಹೋಗುತ್ತದೆ, ಕ್ಯಾಟಲಾಗ್ ಹೋದರೆ ಸಾವಿರ ಟೇಪು ಇದ್ದೂ ಇಲ್ಲದಂತೆ.

ಇಲ್ಲಿ ಎಮ್ಯುಲೇಷನ್ ಬರುತ್ತದೆ. ಒಂದು ಸಾಧಾರಣ ಲಿನಕ್ಸ್ ಸರ್ವರ್, ಒಂದಿಷ್ಟು ಡಿಸ್ಕು, ಅದರ ಮೇಲೆ ಒಂದು ತಂತ್ರಾಂಶ. ಅದು ಹಳೇ ಲೈಬ್ರರಿಯ ವೇಷ ಕಟ್ಟಿ ನಿಲ್ಲುತ್ತದೆ. ಪ್ರತಿ 'ಟೇಪು' ನಿಜಕ್ಕೂ ಡಿಸ್ಕಿನಲ್ಲಿರೋ ಒಂದು ಫೈಲು ಅಥವಾ ಫೋಲ್ಡರ್. ರೋಬಾಟ್ ಚಲಿಸಿತು ಅಂದರೆ ಒಂದು ಪಟ್ಟಿಯಲ್ಲಿ ಒಂದು ಸಾಲು ಬದಲಾಯಿತು ಅಂತ. ಬ್ಯಾಕಪ್ ತಂತ್ರಾಂಶಕ್ಕೆ ಇದರ ಸುಳಿವೇ ಇರಲ್ಲ. ಮಾರ್ಕ್ ಹಾರ್ವಿ ಬರೆದ ಎಂಎಚ್‌ವಿಟಿಎಲ್ ಈ ಕೆಲಸಕ್ಕೆ ಪುಕ್ಕಟೆ ಸಿಗುವ, ಮೂಲ ಕೋಡ್ ತೆರೆದಿಟ್ಟ ತಂತ್ರಾಂಶ; ಕಲಿಯೋರಿಗೆ ಅದಕ್ಕಿಂತ ಒಳ್ಳೇ ಪಾಠಶಾಲೆ ಇಲ್ಲ. ದೊಡ್ಡವರೂ ಇದನ್ನೇ ಮಾಡ್ತಾರೆ. ಅಮೆಜಾನ್ ಕ್ಲೌಡ್‌ನ ಟೇಪ್ ಗೇಟ್‌ವೇ ಸೇವೆ ಆರಿಸಿಕೊಂಡರೆ, ಬೇಕಾದಲ್ಲಿ ಅದು ತನ್ನನ್ನು ಸ್ಟೋರೇಜ್‌ಟೆಕ್ ಎಲ್700 ಅಂತಲೇ ಪರಿಚಯಿಸಿಕೊಳ್ಳುತ್ತದೆ, ಒಳಗಿನ ಡ್ರೈವ್‌ಗಳು ಐಬಿಎಂ ಎಲ್‌ಟಿಓ-5 ಅನ್ನುತ್ತದೆ. ಆ ಕಂಪನಿಯೇ ಈಗಿಲ್ಲ, ಅದರ ಹೆಸರು ಮಾತ್ರ ಕ್ಲೌಡಿನಲ್ಲಿ ಓಡಾಡ್ತಿದೆ.

ಹೊಂದಾಣಿಕೆ ಅನ್ನೋದರ ತಿರುಳು ಈ ಪರಿಚಯದಲ್ಲೇ ಇದೆ. ಬಯಲಾಟದಲ್ಲಿ ಭೀಮನ ಕಿರೀಟ ಇಟ್ಟರೆ ಸಾಲದು, ಭೀಮನ ಮಾತೂ ಬರಬೇಕು. ಸ್ಕಸಿ ಎಂಬ ಹಳೇ ಆದೇಶ-ಭಾಷೆಯಲ್ಲಿ ಕಂಪ್ಯೂಟರ್ ಮೊದಲು ಕೇಳೋದು 'ನೀನು ಯಾರು?' ಅಂತ. ಈ ಇನ್‌ಕ್ವೈರಿ ಆದೇಶಕ್ಕೆ ಸಾಧನ ಕೊಡುವ ಉತ್ತರದಲ್ಲಿ ಕಂಪನಿ ಹೆಸರಿಗೆ 8 ಅಕ್ಷರ, ಮಾದರಿಗೆ 16, ಫರ್ಮ್‌ವೇರ್ ಆವೃತ್ತಿಗೆ 4. ಒಂದು ಖಾಲಿ ಜಾಗ ಹೆಚ್ಚುಕಮ್ಮಿ ಆದರೂ ಹಳೇ ತಂತ್ರಾಂಶ 'ನಿನ್ನ ಪರಿಚಯ ಇಲ್ಲ' ಅನ್ನುತ್ತೆ. ಆಮೇಲೆ ಗೂಡುಗಳ ವಿಳಾಸ. ಒಂದು ಮಾದರಿ ಗೂಡುಗಳನ್ನು 1000ದಿಂದ ಎಣಿಸಿದರೆ ಇನ್ನೊಂದು ಬೇರೆಲ್ಲಿಂದಲೋ ಶುರು ಮಾಡುತ್ತದೆ. ಮೂರನೆಯದು ಡ್ರೈವ್‌ಗಳ ಸೀರಿಯಲ್ ನಂಬರ್. ರೋಬಾಟ್ ದೃಷ್ಟಿಯಲ್ಲಿ ಯಾವುದು ಒಂದನೇ ಡ್ರೈವೋ, ಆಪರೇಟಿಂಗ್ ಸಿಸ್ಟಮ್ ದೃಷ್ಟಿಯಲ್ಲೂ ಅದೇ ಒಂದನೆಯದಾಗಬೇಕು. ಸೀರಿಯಲ್ ನಂಬರ್ ಅದಲುಬದಲಾದರೆ ಟೇಪು ಒಂದು ಡ್ರೈವಿಗೆ ಹೋಗಿ ಕೂರುತ್ತೆ, ತಂತ್ರಾಂಶ ಇನ್ನೊಂದರ ಬಾಗಿಲಲ್ಲಿ ಕಾಯ್ತಾ ಕೂರುತ್ತೆ. ತಾಲ್ಲೂಕು ಆಫೀಸಿನಲ್ಲಿ ತಪ್ಪು ಕೌಂಟರ್ ಮುಂದೆ ನಿಂತ ಹಾಗೆ.

ನಾನು ಎಡವಿದ್ದು ಇದಕ್ಕಿಂತ ಸಣ್ಣ ವಿಚಾರದಲ್ಲಿ. ಒಬ್ಬ ಗ್ರಾಹಕರ ಲೈಬ್ರರಿ ಕೆಟ್ಟಿತ್ತು. ಟೇಪುಗಳನ್ನೆಲ್ಲ ಒಂದೊಂದಾಗಿ ಓದಿ, ಡಿಸ್ಕಿಗೆ ಹಾಕಿ, ಎಮ್ಯುಲೇಟರ್ ಎದ್ದು ನಿಲ್ಲಿಸಿದೆ. ಗೂಡು ಸರಿ, ಡ್ರೈವ್ ಸರಿ, ಬಾರ್‌ಕೋಡ್ ಎಲ್ಲ ಕಾಣಿಸ್ತಿದೆ. ಆದರೆ ತಂತ್ರಾಂಶ ಅಷ್ಟೂ ಟೇಪುಗಳನ್ನು 'ಹೊಸದು, ಖಾಲಿ' ಅಂತ ತೋರಿಸಿತು. ಕಾರಣ: ಎಲ್‌ಟಿಓ ಬಾರ್‌ಕೋಡಿನಲ್ಲಿ 6 ಅಕ್ಷರದ ಹೆಸರು, ಅದರ ಬಾಲಕ್ಕೆ ಎಲ್2 ಅಂತ ತಲೆಮಾರು ಸೂಚಿಸುವ 2 ಅಕ್ಷರ. ಹಳೇ ಲೈಬ್ರರಿಯನ್ನು ಯಾರೋ 6 ಅಕ್ಷರ ಮಾತ್ರ ಹೇಳುವಂತೆ ಹೊಂದಿಸಿದ್ದರು, ನನ್ನ ಎಮ್ಯುಲೇಟರ್ 8 ಹೇಳುತ್ತಿತ್ತು. ಕ್ಯಾಟಲಾಗಿನ ಪ್ರಕಾರ ಅವು ಯಾವತ್ತೂ ಕಾಣದ ಟೇಪುಗಳು. ಅವತ್ತು ರಾತ್ರಿಯ ಬ್ಯಾಕಪ್ ಶುರುವಾಗಿದ್ದರೆ 'ಖಾಲಿ' ಟೇಪುಗಳ ಮೇಲೆ ಬರೆದುಬಿಡುತ್ತಿತ್ತು. ಫೈಲುಗಳನ್ನು ಮೊದಲೇ ಓದಲು ಮಾತ್ರ ಅಂತ ಬೀಗ ಹಾಕಿದ್ದೆ, ಬದುಕಿದೆ. ಈ ಕೆಲಸ ಮಾಡುವ ಯಾರಿಗಾದರೂ ನಾನು ಹೇಳೋ ಮೊದಲ ಮಾತು ಇದು: ಹಳೇ ಟೇಪಿನ ಪ್ರತಿಯನ್ನು ಎಮ್ಯುಲೇಟರಿಗೆ ಕೊಡುವ ಮುಂಚೆ ಬರೆಯುವ ಹಕ್ಕು ಕಿತ್ತುಕೊಳ್ಳಿ.

ಇನ್ನು ವೇಗ. 'ಡಿಸ್ಕು ಟೇಪಿಗಿಂತ ವೇಗ, ಹಾಗಾಗಿ ಎಮ್ಯುಲೇಷನ್ ವೇಗ' ಅನ್ನೋದು ಅರ್ಧ ಸತ್ಯ. ಎಲ್‌ಟಿಓ-2 ಡ್ರೈವ್ ಸೆಕೆಂಡಿಗೆ 40 ಎಂಬಿ ಓದುತ್ತದೆ, 200 ಜಿಬಿಯ ಟೇಪ್ ಪೂರ್ತಿ ಓದಲು ಹತ್ತಿರತ್ತಿರ ಒಂದೂವರೆ ತಾಸು. ಟೇಪಿನ ನಡುವಿನ ಒಂದು ಫೈಲಿಗೆ ಹೋಗಲು ಒಂದು ನಿಮಿಷದ ಆಸುಪಾಸು. ಎಮ್ಯುಲೇಟರಿನಲ್ಲಿ ಆ ಹುಡುಕಾಟ ಕಣ್ಣು ಮಿಟುಕಿಸೋದರಲ್ಲಿ ಮುಗಿಯುತ್ತದೆ. ಸಣ್ಣ ಸಣ್ಣ ಫೈಲು ವಾಪಸ್ ತೆಗೆಯೋರಿಗೆ ಇದು ವರ. ನಿಜವಾದ ಟೇಪ್‌ಗೆ ಮಾಹಿತಿ ನಿಧಾನವಾಗಿ ಬಂದರೆ ಅದು ನಿಂತು, ಹಿಂದೆ ಸರಿದು, ಮತ್ತೆ ಮುಂದೆ ಓಡಿ ಒದ್ದಾಡುತ್ತದೆ. ಆ ರೋಗವೂ ಇಲ್ಲಿಲ್ಲ.

ಆದರೆ ಟೇಪಿನ ಆದೇಶಗಳು ಸರತಿ ಸಾಲಿನವು. ಸಾಮಾನ್ಯವಾಗಿ ಒಂದು ತುಂಡು ಬರೆದು, 'ಆಯ್ತು' ಅಂತ ಉತ್ತರ ಬಂದ ಮೇಲೇ ಮುಂದಿನದು. ಹಳೇ ತಂತ್ರಾಂಶ 64 ಕೆಬಿ ತುಂಡುಗಳಲ್ಲಿ ಬರೆಯುತ್ತೆ ಅಂದುಕೊಳ್ಳಿ. ಎಮ್ಯುಲೇಟರ್ ಅದೇ ಕೋಣೆಯಲ್ಲಿದ್ದು ಹೋಗಿಬರಲು 1 ಮಿಲಿಸೆಕೆಂಡ್ ಹಿಡಿದರೆ ಸೆಕೆಂಡಿಗೆ ಹೆಚ್ಚೆಂದರೆ 64 ಎಂಬಿ. ಈಗ ಎಮ್ಯುಲೇಟರ್ ಬೆಂಗಳೂರಿನಲ್ಲಿದೆ, ತಂತ್ರಾಂಶ ಚಳ್ಳಕೆರೆಯಲ್ಲಿದೆ, ಹೋಗಿಬರಲು 10 ಮಿಲಿಸೆಕೆಂಡ್ ಆಗುತ್ತೆ ಅನ್ನಿ. ಸೆಕೆಂಡಿಗೆ 6.4 ಎಂಬಿ, ಅಷ್ಟೇ. ನಿಮ್ಮ ಫೈಬರ್ ಎಷ್ಟೇ ದಪ್ಪ ಇರಲಿ, ಲೆಕ್ಕ ಬದಲಾಗಲ್ಲ. ಒಂದೂವರೆ ತಾಸಿನ ಟೇಪು ಎಂಟೂವರೆ ತಾಸಿಗೂ ಮೇಲೆ ಹೋಗುತ್ತೆ. ಪರಿಹಾರ ಎರಡು: ತುಂಡನ್ನು 256 ಕೆಬಿಗೆ ಏರಿಸೋದು (ಹೊಸ ಬ್ಯಾಕಪ್‌ಗೆ ಸರಿ, ಹಳೇ ಟೇಪಿನ ಪ್ರತಿಗೆ ಆಗಲ್ಲ, ಅದು ಬರೆದ ಅಳತೆಯಲ್ಲೇ ಓದಬೇಕು), ಇಲ್ಲವೇ ಎಮ್ಯುಲೇಟರನ್ನೇ ತಂತ್ರಾಂಶದ ಪಕ್ಕಕ್ಕೆ ತಂದು ಕೂರಿಸೋದು. 'ಎಲ್ಲ ಕೇಂದ್ರೀಕರಿಸಿ ಕ್ಲೌಡಿಗೆ ಹಾಕಿದ್ದೇವೆ' ಅಂತ ಭಾಷಣ ಮಾಡೋರು ಈ ಗುಣಾಕಾರ ಮಾಡಿದ್ದನ್ನು ನಾನು ನೋಡಿಲ್ಲ.

ಮತ್ತೊಂದು ಕಡೆ ಹಣ್ಣಾಗೋದು ಸಿಪಿಯು. ನಿಜವಾದ ಡ್ರೈವಿನಲ್ಲಿ ಮಾಹಿತಿ ಕುಗ್ಗಿಸಲು ಬೇರೆಯೇ ಚಿಪ್ ಇತ್ತು. ಎಮ್ಯುಲೇಟರಿನಲ್ಲಿ ಆ ಕೆಲಸ ತಂತ್ರಾಂಶದ ಪಾಲಿಗೆ ಬರುತ್ತದೆ, ಒಂದು ಡ್ರೈವಿಗೆ ಒಂದು ಕೋರ್ ಬೆವರು ಸುರಿಸುತ್ತದೆ. ಹತ್ತು ಡ್ರೈವ್ ಒಟ್ಟಿಗೆ ನಡೆದರೆ ಕೆಳಗಿನ ಹಾರ್ಡ್‌ಡಿಸ್ಕಿಗೆ ಅದು ಹತ್ತು ದಿಕ್ಕಿನ ಎಳೆದಾಟ. ವಿಚಿತ್ರ ಅಂದ್ರೆ ಕೆಲವೊಮ್ಮೆ ಅತಿ ವೇಗವೇ ತೊಂದರೆ: ಟೇಪ್ ಲೋಡ್ ಆಗಲು ಹತ್ತಾರು ಸೆಕೆಂಡ್ ಬೇಕು ಅಂತ ನಂಬಿ ಬರೆದ ಹಳೇ ಕೋಡ್, 'ಟೇಪ್ ಬದಲಾಗಿದೆ' ಎಂಬ ಸೂಚನೆ ತಾನು ಕಾಯಲು ಶುರು ಮಾಡುವ ಮುಂಚೆಯೇ ಬಂದುಬಿಟ್ಟರೆ ಕಂಗಾಲಾಗುತ್ತದೆ. ಬೇಕಂತಲೇ ತಡ ಹುಟ್ಟಿಸಿದ್ದೂ ಉಂಟು. ಹಾಗೇ, ಕೆಳಗಿನ ಡಿಸ್ಕ್ ತುಂಬಿಹೋಗಿ ಮೇಲಿನ ಟೇಪ್ ಮಾತ್ರ 'ಇನ್ನೂ ಅರ್ಧ ಜಾಗ ಇದೆ' ಅಂತ ಹೇಳೋ ಸ್ಥಿತಿ ಬಂದರೆ ತಂತ್ರಾಂಶಕ್ಕೆ ಅರ್ಥವೇ ಆಗಲ್ಲ, ನಿಜವಾದ ಟೇಪಿನಲ್ಲಿ ಅಂಥದ್ದು ನಡೆಯೋದೇ ಇಲ್ಲವಲ್ಲ.

ಎಮ್ಯುಲೇಷನ್ ಮಾಡಲಾರದ್ದು ಒಂದಿದೆ, ಇದನ್ನು ಸಪ್ಲೈಯರ್‌ಗಳು ಬಾಯಿಬಿಟ್ಟು ಹೇಳಲ್ಲ. ಅದು ಹಳೇ ಟೇಪನ್ನು ಓದಲ್ಲ. ಒಂದು ಸಲವಾದರೂ ನಿಜವಾದ ಡ್ರೈವಿನಲ್ಲಿ ಟೇಪ್ ತಿರುಗಬೇಕು. ಎಲ್‌ಟಿಓ-7ರ ತನಕ ಪ್ರತಿ ಡ್ರೈವ್ ತನಗಿಂತ ಎರಡು ತಲೆಮಾರು ಹಿಂದಿನದನ್ನು ಓದುತ್ತಿತ್ತು. ಎಲ್‌ಟಿಓ-8ರಲ್ಲಿ ಅದು ಒಂದೇ ತಲೆಮಾರಿಗೆ ಇಳಿಯಿತು. 2003ರ ಹೊತ್ತಿನ ಎಲ್‌ಟಿಓ-2 ಟೇಪನ್ನು ಓದಲು ನಿಮಗೆ ಎಲ್‌ಟಿಓ-4ಕ್ಕಿಂತ ಹೊಸ ಡ್ರೈವ್ ಆಗಲ್ಲ. ಆ ಎಲ್‌ಟಿಓ-4 ಬಂದದ್ದೇ 2007ರಲ್ಲಿ. ಅಂದ್ರೆ ಈ ಕೆಲಸಕ್ಕೊಂದು ಗಡುವಿದೆ, ಅದು ಸೆಕೆಂಡ್‌ಹ್ಯಾಂಡ್ ಡ್ರೈವ್ ಸಿಗುವವರೆಗೆ.

ಮೊಳಕಾಲ್ಮುರಿನ ರೇಷ್ಮೆ ಸೀರೆಯ ಮಗ್ಗ ನೋಡಿದೋರಿಗೆ ಇದು ಹೊಸದಲ್ಲ. ಜಕಾರ್ಡ್ ಪೆಟ್ಟಿಗೆಯಲ್ಲಿ ತೂತು ಹೊಡೆದ ರಟ್ಟಿನ ಸರಪಳಿ ಇರುತ್ತೆ, ತೂತಿದ್ದ ಕಡೆ ನೂಲು ಏಳುತ್ತೆ. ಎಲೆಕ್ಟ್ರಾನಿಕ್ ಜಕಾರ್ಡ್ ಮಾಡೋದು ರಟ್ಟನ್ನು ತೆಗೆದು, ಮಗ್ಗಕ್ಕೆ ಮಾತ್ರ ರಟ್ಟಿದೆ ಅನ್ನಿಸುವುದು. ಆದರೆ ಅಜ್ಜನ ಕಾಲದ ರಟ್ಟಿನ ವಿನ್ಯಾಸ ಬೇಕಂದ್ರೆ ಆ ರಟ್ಟನ್ನು ಯಾರಾದರೂ ಒಂದು ಸಲ ಕೂತು ಓದಲೇಬೇಕು.

ಓದಿದ ಮೇಲೂ ಕಥೆ ಮುಗಿಯಲ್ಲ ಅನ್ನೋದಕ್ಕೆ ಕನ್ನಡಕ್ಕಿಂತ ಉದಾಹರಣೆ ಬೇಕೇ? ಯೂನಿಕೋಡ್ ಬರುವ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಕಡತವನ್ನು ಟೇಪಿನಿಂದ ಬೈಟ್ ತಪ್ಪದೆ ತೆಗೆದರೂ ತೆರೆದಾಗ ರೋಮನ್ ಅಕ್ಷರಗಳ ಮೇಲೆ ಸೊಟ್ಟಪಟ್ಟ ಗೀಟು ಕಾಣುತ್ತೆ. ಸರಿಯಾದ ಫಾಂಟೋ ಪರಿವರ್ತಕವೋ ಇಲ್ಲದೆ ಅದು ನಮ್ಮ ಪಾಲಿಗೆ ಪ್ರಿನ್ಸೆಪ್‌ಗಿಂತ ಮುಂಚಿನ ಬ್ರಹ್ಮಗಿರಿ.

ಈಗ ರಾಜಕೀಯಕ್ಕೆ ಬರೋಣ. ಚಳ್ಳಕೆರೆಯ ಅಮೃತಮಹಲ್ ಕಾವಲು ನಿಮಗೆ ಗೊತ್ತು. ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳಲ್ಲಿ ಸುಮಾರು 10,000 ಎಕರೆ ಹುಲ್ಲುಗಾವಲನ್ನು ಡಿಆರ್‌ಡಿಓ (4,290 ಎಕರೆ), ಬಾರ್ಕ್ (1,810), ಭಾರತೀಯ ವಿಜ್ಞಾನ ಸಂಸ್ಥೆ (1,500), ಇಸ್ರೋ (573), ಒಂದು ಖಾಸಗಿ ಸೌರ ಕಂಪನಿ ಮುಂತಾದವಕ್ಕೆ ಕೊಡಲಾಯಿತು. ದನ-ಕುರಿ ಮೇಯಿಸೋರು, ಕಂಬಳಿ ನೇಯೋರು ಬೇಲಿ ಎದ್ದ ಮೇಲೆ ವಿಷಯ ತಿಳಿದು ಹೋರಾಟಕ್ಕಿಳಿದರು, ಪ್ರಕರಣ ಚೆನ್ನೈನ ಹಸಿರು ನ್ಯಾಯಮಂಡಳಿವರೆಗೆ ಹೋಯಿತು. ಇಂಥ ಜಗಳದಲ್ಲಿ ಎಲ್ಲವೂ ನಿಲ್ಲೋದು ಒಂದೇ ಪ್ರಶ್ನೆ ಮೇಲೆ: ಇಂಥ ದಿನ, ಇಂಥ ಸರ್ವೆ ನಂಬರಿನ ದಾಖಲೆಯಲ್ಲಿ ಏನಿತ್ತು? ಕೈಬರಹದ ಪಹಣಿ ಆಗಿದ್ದರೆ ತಿದ್ದಿದ್ದು ಕಾಣಿಸುತ್ತೆ, ಶಾಯಿಯ ಬಣ್ಣ ಬೇರೆ ಇರುತ್ತೆ. ಭೂಮಿ ಯೋಜನೆಯಲ್ಲಿ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿದ ಮೇಲೆ, 2002ರ ಹೊತ್ತಿಗೆ ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಡೇಟಾಬೇಸ್ ಇವತ್ತಿನ ಸ್ಥಿತಿ ಹೇಳುತ್ತೆ. ನಿನ್ನೆ ಏನಿತ್ತು ಅನ್ನೋದಕ್ಕೆ ಮ್ಯುಟೇಷನ್ ಇತಿಹಾಸ ಒಂದು ಸಾಕ್ಷಿ. ಅದರ ಮೇಲೇ ಅನುಮಾನ ಬಂದರೆ? ಅವತ್ತಿನ ಬ್ಯಾಕಪ್ ಪ್ರತಿಯೇ ಸ್ವತಂತ್ರ ಸಾಕ್ಷಿ. ಅದನ್ನು ತೆರೆದು ನೋಡಲಾಗದಿದ್ದರೆ ಆ ಸಾಕ್ಷಿ ಇದ್ದೂ ಸತ್ತಂತೆ.

2024ರಲ್ಲಿ ಕಂದಾಯ ಇಲಾಖೆ ಭೂ ಸುರಕ್ಷಾ ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ಹಳೇ ಕಾಗದಗಳನ್ನು ಸ್ಕ್ಯಾನ್ ಮಾಡಲು ಶುರು ಮಾಡಿತು. ಒಳ್ಳೇ ಕೆಲಸ, ಮೆಚ್ಚಬೇಕು. ಆದರೆ ಕಾಗದದ ಬಗ್ಗೆ ಇರುವ ಈ ಕಾಳಜಿ 20 ವರ್ಷ ಹಳೇ ಬ್ಯಾಕಪ್‌ಗಳ ಬಗ್ಗೆಯೂ ಇರಬೇಕು. ಅವೂ ಹಳೇ ದಾಖಲೆಗಳೇ.

ಕಾನೂನು ನಮ್ಮ ಕಡೆಗಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ ಸೆಕ್ಷನ್ 7ರ ಪ್ರಕಾರ, ಉಳಿಸಿಡಬೇಕಾದ ವಿದ್ಯುನ್ಮಾನ ದಾಖಲೆ ಮುಂದೆ ನೋಡಲು ಸಿಗುವಂತಿರಬೇಕು. ಮೂಲ ಫಾರ್ಮ್ಯಾಟಿನಲ್ಲಿ ಅಥವಾ ಮೂಲವನ್ನು ಯಥಾವತ್ತಾಗಿ ತೋರಿಸುವ ಫಾರ್ಮ್ಯಾಟಿನಲ್ಲಿ ಇರಬೇಕು. ಎಮ್ಯುಲೇಟರಿನೊಳಗಿನ ಟೇಪು ಈ ಎರಡನೇ ಮಾತಿಗೆ ಹೊಂದುತ್ತೆ ಅಂತ ನನ್ನ ಅಭಿಪ್ರಾಯ, ಆದರೆ ಒಂದು ಷರತ್ತಿನ ಮೇಲೆ: ನಿಜವಾದ ಟೇಪಿನಿಂದ ಓದಿದ ಕ್ಷಣದಲ್ಲೇ ಹ್ಯಾಶ್ ತೆಗೆದು ಬರೆದಿಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರದಲ್ಲೂ ಹ್ಯಾಶ್ ಮೌಲ್ಯ ಕೇಳುತ್ತಾರೆ. ವರ್ಷ ಕಳೆದು ಹ್ಯಾಶ್ ತೆಗೆದರೆ ಆ ಒಂದು ವರ್ಷದಲ್ಲಿ ಯಾರೂ ಕೈಯಾಡಿಸಿಲ್ಲ ಅಂತ ತೋರಿಸೋದು ಹೇಗೆ?

ಅದೇ ಕಾವಲಿನ ಇನ್ನೊಂದು ಮುಖವೂ ಇದೆ. ಉಳ್ಳಾರ್ತಿಯಲ್ಲಿ ಇಸ್ರೋ ಚಂದ್ರನ ಕುಳಿಗಳಂಥ ಗುಂಡಿ ತೋಡಿ ಚಂದ್ರಯಾನ-2ರ ಲ್ಯಾಂಡರ್ ಸಂವೇದಕಗಳನ್ನು ಪರೀಕ್ಷಿಸಿತು. 2017ರಲ್ಲಿ ಉದ್ಘಾಟನೆಯಾದ ಡಿಆರ್‌ಡಿಓ ಪರೀಕ್ಷಾ ನೆಲೆಯ ರನ್‌ವೇ ಮೇಲೆ 2023ರ ಏಪ್ರಿಲ್, 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಇಸ್ರೋದ ಮರುಬಳಕೆ ವಾಹನ ತಾನೇ ಬಂದು ಇಳಿಯಿತು. ಪ್ರತಿ ಹಾರಾಟವೂ ಟೆಲಿಮೆಟ್ರಿ ರಾಶಿ ಹಾಕುತ್ತೆ. ಅಂಥ ರಾಶಿಗೆ ಏನಾಗಬಹುದು ಅನ್ನೋದಕ್ಕೆ ನಾಸಾ ಸಾಕ್ಷಿ: ಅಪೊಲೊ 11ರ ಮೂಲ ಟೆಲಿಮೆಟ್ರಿ ಟೇಪುಗಳು ಬಹುಶಃ ಅಳಿಸಿ ಮರುಬಳಕೆ ಆಗಿವೆ ಅಂತ ಅದೇ 2009ರಲ್ಲಿ ಒಪ್ಪಿಕೊಂಡಿತು. ಇನ್ನೊಂದು ಕಡೆ, 1966-67ರ ಲೂನಾರ್ ಆರ್ಬಿಟರ್ ಟೇಪುಗಳನ್ನು ಉಳಿಸಿದ್ದು ನ್ಯಾನ್ಸಿ ಇವಾನ್ಸ್ ಎಂಬ ಹಠಮಾರಿ ಉದ್ಯೋಗಿ. ಅವನ್ನು ಓದುವ ಆಂಪೆಕ್ಸ್ ಡ್ರೈವ್‌ಗಳನ್ನು ಆಕೆ ವರ್ಷಗಟ್ಟಲೆ ತನ್ನ ಮನೆಯ ಗ್ಯಾರೇಜಿನಲ್ಲಿ ಇಟ್ಟುಕೊಂಡಿದ್ದರು. 2008ರಲ್ಲಿ ಮುಚ್ಚಿಹೋದ ಒಂದು ಮೆಕ್‌ಡೊನಾಲ್ಡ್ಸ್ ಕಟ್ಟಡದಲ್ಲಿ ಕೂತು ತಂಡವೊಂದು ಆ ಡ್ರೈವ್ ರಿಪೇರಿ ಮಾಡಿ, ಚಂದ್ರನಂಚಿನಿಂದ ಕಂಡ ಭೂಮಿಯ ಚಿತ್ರವನ್ನು ಹೊಸದಾಗಿ ಹೊರತೆಗೆಯಿತು.

ಡಿಆರ್‌ಡಿಓ ಮಾಹಿತಿ ಹಕ್ಕು ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪ ಬಿಟ್ಟರೆ ಅಲ್ಲಿಂದ ಉತ್ತರ ಬರಲ್ಲ. ಕಂದಾಯ ಇಲಾಖೆ ಹಾಗಲ್ಲ. 2005ರ ಆ ಕಾಯ್ದೆಯ ಸೆಕ್ಷನ್ 2(ಜೆ)ಯಲ್ಲಿ ಫ್ಲಾಪಿ, ಟೇಪ್ ಎಂಬ ಪದಗಳೇ ಇವೆ, ಆ ರೂಪದಲ್ಲಿ ಮಾಹಿತಿ ಪಡೆಯುವುದು ನಮ್ಮ ಹಕ್ಕು ಅಂತ. ಸೆಕ್ಷನ್ 4 ದಾಖಲೆಗಳನ್ನು ಸೂಚಿ ಸಮೇತ ಇಡಬೇಕು ಅನ್ನುತ್ತದೆ. ಆದ್ದರಿಂದ ಚಳ್ಳಕೆರೆಯಲ್ಲೋ ಮೊಳಕಾಲ್ಮುರಿನಲ್ಲೋ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕೋರು 'ಬ್ಯಾಕಪ್ ಇದೆಯೇ' ಅಂತ ಕೇಳಬೇಡಿ, 'ಇದೆ' ಅಂತ ಒಂದು ಸಾಲಿನ ಉತ್ತರ ಬರುತ್ತೆ. ಹೀಗೆ ಕೇಳಿ: ಇಂಥ ವರ್ಷದಿಂದ ಇಂಥ ವರ್ಷದವರೆಗಿನ ಭೂದಾಖಲೆ ಬ್ಯಾಕಪ್‌ಗಳು ಯಾವ ಮಾಧ್ಯಮದಲ್ಲಿವೆ, ಅವನ್ನು ಓದುವ ಡ್ರೈವ್ ಮತ್ತು ತಂತ್ರಾಂಶ ಯಾವ ಕಚೇರಿಯ ಸುಪರ್ದಿಯಲ್ಲಿದೆ, ಕೊನೆಯ ಬಾರಿ ಒಂದು ಬ್ಯಾಕಪ್ಪನ್ನು ನಿಜಕ್ಕೂ ವಾಪಸ್ ತೆಗೆದು ಪರೀಕ್ಷಿಸಿದ ದಿನಾಂಕ ಯಾವುದು, ಆ ಪರೀಕ್ಷೆಯ ವರದಿಯ ದೃಢೀಕೃತ ಪ್ರತಿ ಕೊಡಿ.